ಬರೀ ಪೌಡರ್

ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೆ ಪೌಡರ್ ಅಂದರೆ ಸಿಂಗಾರದ ಸಾಮಾನಲ್ಲ. ಮೋಸ್ಬಿ ಊರಿನ ಕಾರ್ಖಾನೆಯಲ್ಲಿ ಕ್ಯಾಟ್‌ಫಿಶ್ ಕೊಯ್ಯುವ ಸಾಲಿಗೆ ನಿಂತವರಿಗೆ ಕೈಯಲ್ಲಿರುವ ಚಾಕು ಎಷ್ಟು ಮುಖ್ಯವೋ ಪೌಡರೂ ಅಷ್ಟೇ ಮುಖ್ಯ. ಬೆಳಗಿನಿಂದ ಸಂಜೆಯವರೆಗೆ ಐಸ್ ನೀರು ಮೈಮೇಲೆ ಎರಚುತ್ತಿರುತ್ತದೆ. ಕುತ್ತಿಗೆಯಿಂದ ಮೊಣಕಾಲಿನವರೆಗೆ ರಬ್ಬರಿನ ಏಪ್ರನ್, ಅದರೊಳಗೆ ಮಿಸಿಸಿಪ್ಪಿಯ ಸೆಕೆ. ಎದೆಯ ಕೆಳಗೆ, ಕಂಕುಳಲ್ಲಿ ಚರ್ಮ ಬೆಂದು ಸುಲಿದು ಬರುತ್ತದೆ. ಅದಕ್ಕೇ ಏಪ್ರನ್ ಕಟ್ಟಿಕೊಳ್ಳುವ ಮೊದಲು, ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಅಂಗಿಯೊಳಗೆ ಕೈ ಬಿಟ್ಟು ಹಿಡಿ ಹಿಡಿ ಪೌಡರ್ ಮೆತ್ತಿಕೊಳ್ಳುತ್ತಾರೆ. ದೊಡ್ಡ ಡಬ್ಬಿ ಇರುತ್ತಿದ್ದದ್ದು ವರ್ನೀಟಳ ಲಾಕರಿನಲ್ಲಿ. ತಿಂಗಳಿಗೊಬ್ಬರಂತೆ ತಂದು ತುಂಬಿಸುವುದು, ಎಲ್ಲರೂ ಬಳಸುವುದು ಅಲ್ಲಿಯ ರೂಢಿ.

ಡಬ್ಬಿಯಷ್ಟೇ ಅಲ್ಲ, ಆ ಕೋಣೆಯ ಬಾಯಿಯೂ ವರ್ನೀಟಳದೇ. ಕಾರ್ಖಾನೆ ಶುರುವಾದಾಗಿನಿಂದ ಇದ್ದವಳು, ಐವತ್ತು ದಾಟಿದ ದಪ್ಪ ಹೆಂಗಸು, ನಕ್ಕರೆ ಮೂರು ಸಾಲಿನಾಚೆಗೆ ಕೇಳಿಸುತ್ತಿತ್ತು. ಯಾರ ಗಂಡ ಯಾರ ಮನೆ ಮುಂದೆ ಗಾಡಿ ನಿಲ್ಲಿಸಿದ್ದ ಅನ್ನುವುದರಿಂದ ಹಿಡಿದು ಪಾದ್ರಿಯ ಹೆಂಡತಿಯ ಹೊಸ ಟೋಪಿಯವರೆಗೆ ಅವಳು ಬಿಡದ ವಿಷಯವಿರಲಿಲ್ಲ. ಅವಳ ಪಕ್ಕದಲ್ಲೇ ನಿಂತು ಮೀನು ಕೊಯ್ಯುತ್ತಿದ್ದವಳು ತಂಗಿ ಜರ್ಲೀನ್. ಅಕ್ಕ ಎಷ್ಟು ಮಾತೋ ತಂಗಿ ಅಷ್ಟು ಮೌನ. ಅಕ್ಕನ ಮಾತಿಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವಳೊಬ್ಬಳು ತಲೆ ತಗ್ಗಿಸಿ ನಗುತ್ತಿದ್ದಳು.

ವ್ಯಾನು ಮೊದಲ ಸಲ ಬಂದದ್ದು ಒಂದು ಜೂನಿನಲ್ಲಿ. ಬಸ್ಸಿನಷ್ಟು ಉದ್ದ, ಮೈತುಂಬ ಗುಲಾಬಿ ಬಣ್ಣ, ಒಳಗೆ ಎದೆಯನ್ನು ಎರಡು ಹಲಗೆಗಳ ನಡುವೆ ಅಪ್ಪಚ್ಚಿ ಮಾಡಿ ಫೋಟೋ ತೆಗೆಯುವ ಯಂತ್ರ. ರಾಜಧಾನಿ ಜಾಕ್ಸನ್‌ನ ಆಸ್ಪತ್ರೆಯಿಂದ ಬಂದ ಅದನ್ನು ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿ, ಊಟದ ಬಿಡುವಿನಲ್ಲಿ ಹೆಂಗಸರನ್ನು ಸಾಲಾಗಿ ಹತ್ತಿಸಿದರು. ಮೇಸ್ತ್ರಿ ಟಾಲಿವರ್ ಕೈಗಡಿಯಾರ ನೋಡುತ್ತ "ಬೇಗ ಬೇಗ, ಮೀನು ಕಾಯ್ತಾ ಇದೆ" ಎಂದು ಬಾಗಿಲಲ್ಲೇ ನಿಂತಿದ್ದ. ಮೀನು ಸತ್ತು ಐಸಿನಲ್ಲಿ ಮಲಗಿತ್ತು, ಅದಕ್ಕೆ ಯಾವ ಅವಸರವೂ ಇರಲಿಲ್ಲ. ಯಂತ್ರದ ಹುಡುಗಿ ಒದ್ದೆ ಕಾಗದ ಕೊಟ್ಟು ಒರೆಸಿಕೊಳ್ಳಿ ಅಂದಳು. ಮಡಿಕೆ ಮಡಿಕೆಗಳಲ್ಲಿ ಬೆವರಿಗೆ ಕಲಸಿ ಕೂತ ಪೌಡರ್ ಆ ಕಾಗದಕ್ಕೆ ಎಲ್ಲಿ ಹೋಗಬೇಕು? ಫೋಟೋಗಳಲ್ಲಿ ಬಿಳಿ ಬಿಳಿ ಚುಕ್ಕಿ ಬಂದವು. ಕ್ಯಾನ್ಸರಿನ ಮೊದಲ ಗುರುತೂ ಹಾಗೇ ಬಿಳಿ ಚುಕ್ಕಿಯಂತೆ ಕಾಣುತ್ತದಂತೆ. ಸಾಲಿನ ಅರ್ಧ ಹೆಂಗಸರಿಗೆ ಜಾಕ್ಸನ್‌ಗೆ ಬಂದು ಇನ್ನೊಮ್ಮೆ ತೋರಿಸಿಕೊಳ್ಳಿ ಎಂದು ಕರೆ ಬಂತು. ಅವರಲ್ಲಿ ವರ್ನೀಟಳೂ ಒಬ್ಬಳು.

ಅವಳು ಆ ವಾರ ಊಟ ಮಾಡಲಿಲ್ಲ, ನಿದ್ದೆ ಮಾಡಲಿಲ್ಲ. ಅವರಮ್ಮ ಸತ್ತದ್ದು ಅದೇ ರೋಗದಲ್ಲಿ. ಆ ಮಾತು ಎತ್ತಲೂ ಧೈರ್ಯವಿಲ್ಲದೆ ಅಕ್ಕತಂಗಿಯರಿಬ್ಬರೂ ಜಾಕ್ಸನ್‌ವರೆಗೆ ಕಾರಿನಲ್ಲಿ ಸುಮ್ಮನೆ ಕೂತು ಹೋಗಿದ್ದರು. ಚೆನ್ನಾಗಿ ತೊಳೆಸಿ ಮತ್ತೆ ಫೋಟೋ ತೆಗೆದಾಗ ಚುಕ್ಕಿಯೂ ಇಲ್ಲ, ಗಂಟೂ ಇಲ್ಲ. ಹೋದವರೆಲ್ಲರದೂ ಅದೇ ಕತೆ.

ಮಾರನೆಯ ದಿನ ಬಟ್ಟೆಯ ಕೋಣೆಯಲ್ಲಿ ವರ್ನೀಟ ಬೆಂಚಿನ ಮೇಲೆ ಹತ್ತಿ ನಿಂತಳು.

"ಡಾಕ್ಟರಮ್ಮ ಬಂದು ನನ್ ಕೈ ಹಿಡ್ಕೊಂಡ್ಲು ಕಣ್ರೇ. ನಾನಾಗ್ಲೇ ಹೆಣದ ಪೆಟ್ಟಿಗೇಲಿ ಮಲಗ್ದಾಗ ಯಾವ್ ಟೋಪಿ ಹಾಕಿಸ್ಕೋಬೇಕು, ನೇರಳೇದೋ ಹಳದೀದೋ ಅಂತ ಲೆಕ್ಕ ಹಾಕ್ತಾ ಕೂತಿದೀನಿ. ಅವ್ಳು ಹೇಳ್ತಾಳೆ, ತಾಯೀ, ನಿಮಗೇನೂ ಆಗಿಲ್ಲ, ಬರೀ ಪೌಡರ್!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ವಾರದಿಂದ ಒಳಗೇ ಹಿಡಿದಿಟ್ಟಿದ್ದ ಭಯ ಆ ನಗುವಿನಲ್ಲಿ ಹೊರಗೆ ಬಂತು. ಅಂದಿನಿಂದ ಅದು ಕಾರ್ಖಾನೆಯ ಮಾತಾಯಿತು. ತಲೆನೋವು ಅಂದರೂ ಬರೀ ಪೌಡರ್, ಟಾಲಿವರ್ ಬೈದರೂ ಬರೀ ಪೌಡರ್, ಯಾರೋ ಹುಡುಗಿ ಬಸುರಾದಾಗಲೂ ಅದೇ. ಆದರೆ ಜಾಕ್ಸನ್‌ಗೆ ಹೋಗಿಬಂದವರಿಗೆಲ್ಲ ಗೈರುಹಾಜರಿಯ ಪಾಯಿಂಟು ಬಿದ್ದಿತ್ತು. ಆ ಕಾರ್ಖಾನೆಯಲ್ಲಿ ಪಾಯಿಂಟು ಭರ್ತಿಯಾದರೆ ಕೆಲಸ ಹೋಯಿತು ಅಂತಲೇ. ವರ್ನೀಟ ಮತ್ತೆ ಆ ವ್ಯಾನು ಹತ್ತಲಿಲ್ಲ. ಏನೂ ಇಲ್ಲದ್ದಕ್ಕೆ ಒಂದು ಪಾಯಿಂಟು ಹಾಕಿಸಿಕೊಂಡದ್ದು ಸಾಕು ಎಂದು ಎಲ್ಲರ ಮುಂದೆ ಸಾರಿದಳು.

ಜರ್ಲೀನ್ ಹತ್ತಿದಳು. ಸುಮಾರು ಎರಡು ವರ್ಷದ ಮೇಲೆ, ಮಾರ್ಚಿಯಲ್ಲಿ, ವ್ಯಾನು ಮತ್ತೆ ಬಂದಾಗ ಕಾರ್ಖಾನೆಯವರು ಹುಷಾರಾಗಿದ್ದರು. ಮೀನು ಕೊಯ್ಯುವ ಹೊತ್ತು ಹಾಳಾಗಬಾರದೆಂದು ಪಾಳಿ ಶುರುವಾಗುವ ಮೊದಲೇ, ಮನೆಯಿಂದ ಬಂದವರನ್ನು ಬಂದ ಹಾಗೇ ಹತ್ತಿಸಿ ಕಳಿಸಿದ್ದರು. ಹತ್ತು ದಿನ ಕಳೆದಿರಬೇಕು, ಊಟದ ಕೋಣೆಯಲ್ಲಿ ಜರ್ಲೀನ್ ಕೈಯಲ್ಲಿ ಫೋನು ಹಿಡಿದು ಅಕ್ಕನ ಪಕ್ಕ ಬಂದು ನಿಂತಳು. ತುಟಿ ಒಣಗಿತ್ತು.

"ಅಕ್ಕಾ, ಜಾಕ್ಸನ್ನಿಂದ ಫೋನು. ಇನ್ನೊಂದ್ಸಲ ಬಾ ಅಂತಿದಾರೆ."

ವರ್ನೀಟ ತಂಗಿಯ ಮುಖ ನೋಡಿದಳು. ಆ ಮುಖದಲ್ಲಿದ್ದ ಭಯವನ್ನು ಅವಳಿಂದ ನೋಡಲಾಗಲಿಲ್ಲ. ಬಾಯಲ್ಲಿದ್ದ ಜೋಳದ ರೊಟ್ಟಿ ನುಂಗಿ, ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದಳು.

"ಕೇಳಿಸ್ಕೊಂಡ್ರೇನ್ರೇ, ಈಗ ಇವಳ್ ಸರದಿ! ಏನದು, ಹೇಳ್ರೇ ಅವಳಿಗೆ!"

"ಬರೀ ಪೌಡರ್!" ಎಂದು ಇಡೀ ಮೇಜು ಕೂಗಿತು.

"ಹೋಗೇ ಹುಚ್ಚಿ, ಕೂತ್ಕೊಂಡ್ ಉಣ್ಣು. ಹೋಗಿ ಇನ್ನೊಂದ್ ಪಾಯಿಂಟ್ ಬಿದ್ರೆ ಆ ಹುಡ್ಗಿ ಗತಿ ಏನು?"

ಆ ಹುಡುಗಿ ಅಂದರೆ ಜರ್ಲೀನಳ ಮಗಳು ಟಮೀರ. ಇಪ್ಪತ್ತು ತುಂಬಿರಲಿಲ್ಲ. ಹುಟ್ಟಿನಿಂದ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ನೋವು ಬಂದಾಗ ಮೈಯ ಮೂಳೆಗಳನ್ನೆಲ್ಲ ಒಳಗಿನಿಂದ ಯಾರೋ ಹಿಂಡಿದ ಹಾಗೆ ಕಿರುಚುತ್ತಿದ್ದಳು. ಅವಳ ಔಷಧಿ, ಆಸ್ಪತ್ರೆ ಎಲ್ಲ ನಡೆಯುತ್ತಿದ್ದದ್ದು ತಾಯಿಯ ಕೆಲಸದ ವಿಮೆಯಲ್ಲಿ. ಆ ಚಳಿಗಾಲ ಅವಳ ಹಾಸಿಗೆಯ ಪಕ್ಕ ಕೂತು ಕೂತೇ ಜರ್ಲೀನ್ ಪಾಯಿಂಟುಗಳನ್ನು ಹೇರಿಕೊಂಡಿದ್ದಳು. ಇನ್ನೊಂದು ಬಿದ್ದರೆ ಕೆಲಸವೂ ಇಲ್ಲ, ವಿಮೆಯೂ ಇಲ್ಲ.

ಜರ್ಲೀನ್ ಕೂತಳು. ತಲೆ ತಗ್ಗಿಸಿ ನಕ್ಕಳು ಕೂಡ. ತಂಗಿಯ ಮುಖ ತಿಳಿಯಾದದ್ದನ್ನು ಕಂಡು ವರ್ನೀಟಳಿಗೆ ಏನೋ ಒಳ್ಳೆಯ ಕೆಲಸ ಮಾಡಿದ ಸಮಾಧಾನವಾಯಿತು. ಜಾಕ್ಸನ್‌ನಿಂದ ಮತ್ತೆ ಮತ್ತೆ ಫೋನು ಬಂತು. ಪ್ರತಿ ಸಲವೂ ಜರ್ಲೀನ್ ಬರುತ್ತೇನೆ ಎಂದು ಮರ್ಯಾದೆಯಿಂದ ಹೇಳಿ ಇಟ್ಟಳು.

ಬೇಸಿಗೆ ಕಳೆದು ಚಳಿ ಶುರುವಾದ ಮೇಲೆ ಒಂದು ದಿನ ಜರ್ಲೀನಳ ಚಾಕು ಕೆಳಗೆ ಬಿತ್ತು. ಎತ್ತಿ ಕೊಟ್ಟರೆ ಮತ್ತೆ ಬಿತ್ತು. ಎಡಗೈ ಎತ್ತಲು ಬರುತ್ತಿರಲಿಲ್ಲ. ವರ್ನೀಟ ಅವಳನ್ನು ಎಳೆದುಕೊಂಡು ಬಟ್ಟೆಯ ಕೋಣೆಗೆ ಹೋದಳು. ಟಾಲಿವರ್ ಹಿಂದಿನಿಂದ ಕೂಗುತ್ತಿದ್ದ, ತಿರುಗಿಯೂ ನೋಡಲಿಲ್ಲ.

"ಬಿಚ್ಚೇ ಅಂಗಿ."

"ಏನಿಲ್ಲ ಬಿಡಕ್ಕ, ಭುಜ ಉಳುಕಿದೆ."

"ಬಿಚ್ತೀಯೋ, ನಾನೇ ಹರೀಲೋ?"

ಜರ್ಲೀನ್ ಗೋಡೆಯ ಕಡೆ ಮುಖ ಮಾಡಿ ಬಿಚ್ಚಿದಳು. ಎಡ ಎದೆಯ ಚರ್ಮ ಕೆಂಪಾಗಿ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿಯಾಗಿತ್ತು. ತೊಟ್ಟು ಒಳಗೆ ಎಳೆದುಕೊಂಡಿತ್ತು. ಕಂಕುಳಲ್ಲಿ ಗಂಟು ಮುಟ್ಟದೆಯೇ ಕಣ್ಣಿಗೆ ಕಾಣುತ್ತಿತ್ತು. ಅವರಮ್ಮನಿಗೂ ಕೊನೆಗೆ ಹೀಗೇ ಆಗಿತ್ತು. ವರ್ನೀಟ ತಂಗಿಯ ಅಂಗಿಯ ಗುಂಡಿಗಳನ್ನು ಚಿಕ್ಕ ಮಗುವಿಗೆ ಹಾಕಿದ ಹಾಗೆ ತಾನೇ ಹಾಕಿದಳು.

ಮರುದಿನ ಬೆಳಿಗ್ಗೆ ಜಾಕ್ಸನ್‌ನ ದೊಡ್ಡ ಆಸ್ಪತ್ರೆಯಲ್ಲಿ ಫೋಟೋ ತೆಗೆಯುವ ಮೊದಲು ನರ್ಸಮ್ಮ ಕೇಳಿದಳು, "ಪೌಡರ್ ಏನಾದ್ರೂ ಹಾಕಿದೀರಾ?"

"ಇಲ್ಲಮ್ಮ," ಅಂದಳು ಜರ್ಲೀನ್. "ಇವತ್ತು ಕೆಲ್ಸಕ್ಕೆ ಹೋಗಿಲ್ಲ. ಮನೇಲಿ ನಾವ್ಯಾರೂ ಹಾಕೋದಿಲ್ಲ."

ಪಕ್ಕದಲ್ಲಿದ್ದ ವರ್ನೀಟ ಆ ಮಾತಿಗೆ ತಲೆ ಎತ್ತಿದಳು. ಮನೆಯಲ್ಲಿ ಯಾರೂ ಹಾಕುವುದಿಲ್ಲ. ಡಬ್ಬಿ ಇರುವುದು ಕಾರ್ಖಾನೆಯ ಲಾಕರಿನಲ್ಲಿ, ಪಾಳಿಯ ಗಂಟೆ ಹೊಡೆಯುವವರೆಗೆ ಆ ಕೋಣೆಗೆ ಬೀಗ. ಜರ್ಲೀನ್ ವ್ಯಾನು ಹತ್ತಿದ್ದು ಪಾಳಿಗೆ ಮೊದಲು. ಅಂದಮೇಲೆ ಆ ದಿನ ಅವಳ ಮೈಮೇಲೆ ಒಂದು ಕಣ ಪೌಡರೂ ಇರಲಿಲ್ಲ. ಇಷ್ಟು ಸಣ್ಣ ಲೆಕ್ಕ, ಮಕ್ಕಳೂ ಹಾಕುವಂಥದ್ದು. ಡಬ್ಬಿಯ ಯಜಮಾನಿಗೇ ಅದು ಹೊಳೆದಿರಲಿಲ್ಲ. ಯೋಚನೆ ಮಾಡಿದ್ದರೆ ತಾನೇ ಹೊಳೆಯುವುದು? ಆ ದಿನ ಅವಳಿಗೆ ಯೋಚನೆ ಬೇಕಿರಲಿಲ್ಲ, ನಗು ಬೇಕಿತ್ತು.

ಸೂಜಿ ಚುಚ್ಚಿ ತುಣುಕು ತೆಗೆದರು, ಯಂತ್ರದ ಕೊಳವೆಯೊಳಗೆ ಮಲಗಿಸಿದರು. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು ಹೇಳಿದಳು. ಮಾತ್ರೆಗೆ ಬಗ್ಗದ ಜಾತಿಯ ಕ್ಯಾನ್ಸರು, ಎದೆ ಬಿಟ್ಟು ಲಿವರಿಗೂ ಬೆನ್ನುಮೂಳೆಗೂ ಹೋಗಿದೆ. ಕೀಮೋ ಕೊಟ್ಟು ಹಿಡಿದು ನಿಲ್ಲಿಸಲು ನೋಡೋಣ, ಓಡಿಸಲು ಆಗುವುದಿಲ್ಲ. ಜರ್ಲೀನ್ ಕೇಳಿದ್ದು ಒಂದೇ ಪ್ರಶ್ನೆ, ಕೆಲಸ ಇರುತ್ತದೋ ಹೋಗುತ್ತದೋ ಅಂತ. ಇರುತ್ತದೆ, ನಾವು ಚೀಟಿ ಕೊಡುತ್ತೇವೆ, ರಜೆ ಸಿಗುತ್ತದೆ ಅಂದರು. ಕಾರ್ಖಾನೆಯ ಧರ್ಮ ಅಂಥದ್ದು. ರೋಗ ಇದೆ ಎಂದು ಚೀಟಿ ತಂದವಳಿಗೆ ರಜೆ, ಇದೆಯೋ ಇಲ್ಲವೋ ಎಂದು ನೋಡಿಸಿಕೊಳ್ಳಲು ಹೋದವಳಿಗೆ ಪಾಯಿಂಟು.

ಆ ಚಳಿಗಾಲವೆಲ್ಲ ವರ್ನೀಟ ತಂಗಿಯನ್ನು ಜಾಕ್ಸನ್‌ಗೆ ಕರೆದೊಯ್ದಳು, ಕರೆತಂದಳು. ಬಕೆಟ್ಟು ಹಿಡಿದಳು, ಉದುರಿದ ಕೂದಲನ್ನು ದಿಂಬಿನಿಂದ ಹೆಕ್ಕಿದಳು, ನುಂಗಲಾಗದ ಬಾಯಿಗೆ ಗ್ರಿಟ್ಸ್ ಗಂಜಿಯನ್ನು ತೆಳ್ಳಗೆ ಮಾಡಿ ಚಮಚದಲ್ಲಿ ಹಾಕಿದಳು. ಚರ್ಚಿನ ಹೆಂಗಸರು ಕೋಳಿ, ಸೊಪ್ಪಿನ ಪಲ್ಯ ತಂದಿಟ್ಟು ಹೋಗುತ್ತಿದ್ದರು. ಕಾರ್ಖಾನೆಯಲ್ಲಿ ಅವಳು ನಗುವುದನ್ನು ಬಿಟ್ಟಿದ್ದಳು. ಹೊಸದಾಗಿ ಸೇರಿದವಳೊಬ್ಬಳು ಒಂದು ದಿನ ಏನೋ ಮಾತಿಗೆ "ಬರೀ ಪೌಡರ್" ಅಂದಾಗ ಎಲ್ಲರೂ ವರ್ನೀಟಳ ಕಡೆ ತಿರುಗಿದರು. ವರ್ನೀಟ ಡಬ್ಬಿಯನ್ನು ಲಾಕರಿನಿಂದ ತೆಗೆದು ಬೇರೊಬ್ಬಳ ಕೈಗೆ ಕೊಟ್ಟು ಸಾಲಿಗೆ ಹೋದಳು.

ತಪ್ಪು ತನ್ನದೆಂದು ಹೇಳಿಬಿಡಬೇಕು ಎಂದು ಪ್ರತಿ ಸಲ ಕಾರು ಹತ್ತುವಾಗ ಅಂದುಕೊಳ್ಳುವಳು. ಊರಿನವರ ಗುಟ್ಟನ್ನೆಲ್ಲ ಬೆಂಚಿನ ಮೇಲೆ ನಿಂತು ಸಾರಿದವಳಿಗೆ ಒಂದು ಮಾತು ತಂಗಿಗೆ ಹೇಳಲು ಬರಲಿಲ್ಲ.

ಫೆಬ್ರುವರಿಯ ಕೊನೆಯಲ್ಲಿ ಡಾಕ್ಟರಮ್ಮ ಕೀಮೋ ಕೆಲಸ ಮಾಡುತ್ತಿಲ್ಲ, ಇನ್ನು ನೋವಿಗೆ ಔಷಧಿ ಕೊಡೋಣ, ಮನೆಯಲ್ಲಿರಲಿ ಅಂದಳು. ಹಿಂದಿರುಗುವಾಗ ಹೊರಗೆ ಮೀನು ಸಾಕುವ ಕೆರೆಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಜರ್ಲೀನ್ ಕಂಬಳಿ ಹೊದ್ದು ಮುದುರಿ ಕೂತಿದ್ದಳು. ವರ್ನೀಟ ಕಾರನ್ನು ದಾರಿಯ ಪಕ್ಕ ನಿಲ್ಲಿಸಿಬಿಟ್ಟಳು.

"ಜರ್ಲೀನ್, ಅವತ್ತು ನೀನು ಪೌಡರ್ ಹಾಕಿರ್ಲಿಲ್ಲ ಕಣೇ. ಪಾಳಿಗೆ ಮುಂಚೆ ಹತ್ತಿದ್ದೆ. ನಂಗೆ ಗೊತ್ತಾಗ್ಬೇಕಿತ್ತು. ನಾನು ಎಲ್ಲರ ಮುಂದೆ ಕಿರುಚ್ಕೊಂಡೆ. ನಾನೇ ನಿನ್ನ..."

"ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಪೌಡರ್ ಅಲ್ಲ ಅಂತ. ನನ್ ಮೈ ನಂಗೆ ಗೊತ್ತಾಗಲ್ವಾ? ವ್ಯಾನು ಹತ್ತೋಕ್ ಮುಂಚೇನೇ ಗಂಟು ಕೈಗೆ ಸಿಕ್ಕಿತ್ತು. ಅದಕ್ಕೇ ಹತ್ತಿದ್ದು."

ವರ್ನೀಟಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಸ್ಟೀರಿಂಗಿಗೆ ಎರಡು ಕೈಯಿಂದ ಗುದ್ದಿದಳು.

"ಗೊತ್ತಿದ್ದೂ ನನ್ ಜೊತೆ ನಗ್ತಾ ಕೂತ್ಯಾ? ಎಂಟ್ ತಿಂಗಳು! ಬಾಯಿ ಬಿದ್ದೋಗಿತ್ತೇನೇ ನಿಂಗೆ? ಒಂದ್ ಮಾತು ಹೇಳಿದ್ರೆ ಕತ್ತಿಗೆ ಹಗ್ಗ ಹಾಕಿ ಎಳ್ಕೊಂಡ್ ಹೋಗ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ." ಜರ್ಲೀನಳ ದನಿಯಲ್ಲಿ ಕಸುವಿರಲಿಲ್ಲ, ಆದರೆ ಅಳುಕೂ ಇರಲಿಲ್ಲ. "ಕೆಲ್ಸ ಹೋಗಿದ್ರೆ ಟಮೀರಂಗೆ ಔಷಧಿ ಎಲ್ಲಿಂದ ತರ್ಲಿ? ಒಂದು ಹಳೇ ಪಾಯಿಂಟು ಜೂನ್ ಬಂದ್ರೆ ಅಳಿಸಿಹೋಗ್ತಿತ್ತು. ಜೂನ್‌ವರ್ಗೂ ತಡ್ಕೊಳ್ಳೋಣ ಅಂದ್ಕೊಂಡೆ. ಜೂನಲ್ಲಿ ಅವಳಿಗೆ ಮತ್ತೆ ನೋವು ಬಂತು, ಮತ್ತೆ ಪಾಯಿಂಟು ಬಿತ್ತು. ಆಮೇಲೆ... ಆಮೇಲೆ ಭಯ ಆಯ್ತಕ್ಕ. ನೀನು ಪೌಡರ್ ಅಂದ್ಯಲ್ಲ, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಯಾರೋ ಒಬ್ರು ಅದನ್ನ ನಂಬ್ಕೊಂಡಿರ್ಲಿ ಅನ್ನಿಸ್ತು."

ವರ್ನೀಟ ತಂಗಿಯ ಕಡೆ ತಿರುಗಿದಳು. ಕಂಬಳಿಯೊಳಗೆ ಏನೂ ಉಳಿದಿರಲಿಲ್ಲ, ಮೂಳೆ, ದೊಡ್ಡ ಕಣ್ಣು, ಅಷ್ಟೇ. ತಬ್ಬಿಕೊಳ್ಳಲು ಹೋದರೆ ಜರ್ಲೀನ್ ನೋವಿಗೆ ಮುಲುಗಿದಳು. ಕೈ ಮಾತ್ರ ಹಿಡಿದುಕೊಂಡು ವರ್ನೀಟ ಅತ್ತಳು, ಮೂಗು ಸುರಿಸಿಕೊಂಡು, ಸದ್ದು ಮಾಡಿಕೊಂಡು, ನಗುವಾಗಿನಷ್ಟೇ ಜೋರಾಗಿ.

"ಒಂದ್ ಮಾತು," ಅಂದಳು ಜರ್ಲೀನ್, ಅಕ್ಕನ ಅಳು ನಿಂತ ಮೇಲೆ. "ಟಮೀರಂಗೆ ಇದು ಗೊತ್ತಾಗ್ಬಾರ್ದು. ಅಮ್ಮ ನಂಗೋಸ್ಕರ ಸತ್ಲು ಅಂತ ಆ ಮಗು ತಲೇಲಿ ಬಂದ್ರೆ, ಮುಂದಿನ ಸಲ ನೋವು ಬಂದಾಗ ಆಸ್ಪತ್ರೆಗೇ ಹೋಗಲ್ಲ ಅವ್ಳು. ನಂಗೊತ್ತು ಅವಳ ಬುದ್ಧಿ. ನಾನು ದಡ್ಡಿ, ಗೊತ್ತಾಗ್ಲಿಲ್ಲ ಅಂತಲೇ ಇರ್ಲಿ."

"ಆಯ್ತು."

"ಬೈಬಲ್ ಮುಟ್ಟಿ ಹೇಳು."

"ಕಾರಲ್ಲಿ ಎಲ್ಲಿದ್ಯೇ ಬೈಬಲ್ಲು? ಅಮ್ಮನಾಣೆ, ಸಾಕಾ?"

ಸಾಕು ಎಂದು ಜರ್ಲೀನ್ ಕಣ್ಣು ಮುಚ್ಚಿದಳು.

ಮಾರ್ಚಿಯಲ್ಲಿ ಒಂದು ಮಧ್ಯಾಹ್ನ ಅವಳು ಹೋದಳು. ಸುಖವಾದ ಸಾವೇನಲ್ಲ. ನೋವಿನ ಔಷಧಿ ಸಾಲದೆ, ಕೊನೆಯ ಎರಡು ದಿನ ಅಕ್ಕನನ್ನು ಅಮ್ಮ ಎಂದು ಕರೆಯುತ್ತಿದ್ದಳು. ವರ್ನೀಟ ಅಮ್ಮನಾಗಿಯೇ ಓಗೊಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಊಟದ ಕೋಣೆಯಲ್ಲಿ ಎಲ್ಲರಿಗೂ ಬಡಿಸಿದರು. ಕರಿದ ಕೋಳಿ, ಮ್ಯಾಕರೋನಿ, ಬೆಣ್ಣೆ ಕೇಕು. ಕಾರ್ಖಾನೆಯ ಹೆಂಗಸರೆಲ್ಲ ಬಂದಿದ್ದರು, ತಲೆಯ ಮೇಲೆ ಒಳ್ಳೆಯ ಟೋಪಿ, ಬಾಯಲ್ಲಿ ಮಾತಿಲ್ಲ. ಟಮೀರ ದೊಡ್ಡಮ್ಮನ ಎದುರಿಗೆ ಕೂತಿದ್ದಳು. ತಟ್ಟೆ ಮುಟ್ಟಿರಲಿಲ್ಲ. ವರ್ನೀಟ ಕೋಳಿಯ ತುಂಡನ್ನು ಬಿಡಿಸಿ ಅವಳ ತಟ್ಟೆಗೆ ಹಾಕಿದಳು.

"ಎರಡು ತುತ್ತು ತಿನ್ನು ಮಗಳೇ. ನಿತ್ರಾಣ ಆದ್ರೆ ನೋವು ಎದ್ದುಬಿಡುತ್ತೆ."

"ದೊಡ್ಡಮ್ಮ, ಒಂದು ಕೇಳ್ಲಾ?"

"ಕೇಳು."

"ಅಮ್ಮಂಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ ಹೋದ ವರ್ಷಾನೇ. ಈಗ ಅಡುಗೆಮನೇಲಿ ಮಾತಾಡ್ಕೋತಿದ್ರು. ನೀನು ಪೌಡರ್ ಅಂದ್ಯಂತೆ. ಎಲ್ಲಾ ನಕ್ರಂತೆ." ಅವಳ ದನಿ ಏರುತ್ತಿತ್ತು. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. "ಅಮ್ಮ ಅಷ್ಟು ದಡ್ಡಿ ಆಗಿರ್ಲಿಲ್ಲ. ನನ್ನ ಔಷಧಿ ಹೆಸರೆಲ್ಲ ಡಾಕ್ಟರಿಗಿಂತ ಚೆನ್ನಾಗಿ ಹೇಳ್ತಿದ್ಲು. ನಿಜ ಹೇಳು. ಅವಳಿಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನಿಂದಾಗಿ ಹೋಗ್ಲಿಲ್ವಾ?"

ವರ್ನೀಟ ಹುಡುಗಿಯ ಮುಖ ನೋಡಿದಳು. ತಂಗಿಯದೇ ಕಣ್ಣು. ಒಂದು ಮಾತು ಹೇಳಿದರೆ ತನ್ನ ಎದೆಯ ಮೇಲಿನ ಬಂಡೆ ಇಳಿಯುತ್ತಿತ್ತು. ಕೋಣೆಯ ತುಂಬ ಕೂತಿದ್ದ ಹೆಂಗಸರ ಎದೆಯ ಮೇಲಿನದೂ ಇಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅವಳಿಗೆ ಅದನ್ನು ಹೇಳುವ ಆಸೆ ಬಹಳವಾಗಿತ್ತು.

"ಇಲ್ಲ," ಅಂದಳು. "ಅವಳಿಗೇನೂ ಗೊತ್ತಿರ್ಲಿಲ್ಲ. ಹೋಗ್ಬೇಕು ಅಂತ ಹೊರಟಿದ್ಲು. ನಾನೇ ಬೇಡ ಅಂದೆ. ನನ್ ಮಾತು ನಂಬಿದ್ಲು."

ಟಮೀರ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀನ್ ಸಾಯ್ಬೇಕಿತ್ತು," ಅಂದಳು.

"ಹೌದು ಮಗಳೇ."

ಹುಡುಗಿ ತಟ್ಟೆ ಎತ್ತಿಕೊಂಡು ಕೋಣೆಯ ಆ ಕೊನೆಯ ಮೇಜಿಗೆ ಹೋಗಿ, ಇತ್ತ ಬೆನ್ನು ಮಾಡಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜ ಅಲುಗಿತು. ವರ್ನೀಟ ಕತ್ತು ಚಾಚಿ ನೋಡಿದಳು. ಅಳುತ್ತಿದ್ದಾಳೋ ಉಣ್ಣುತ್ತಿದ್ದಾಳೋ ಮೊದಲು ತಿಳಿಯಲಿಲ್ಲ. ಉಣ್ಣುತ್ತಿದ್ದಳು.